ಹೊಸಬರ ಪರದೆಯ ಮೇಲೆ ನನ್ನ ಮೂರು ಸಾಲು

ನಮ್ಮ ಆಸ್ಪತ್ರೆಯ ಚೀಟಿ ಕೌಂಟರಿಗೆ ಹನ್ನೊಂದು ಜನ ಹೊಸಬರು ಒಟ್ಟಿಗೆ ಬರುತ್ತಾರೆ ಎಂದು ಆಡಳಿತಾಧಿಕಾರಿಗಳು ಹೇಳಿದಾಗ ನನಗೆ ಸಂತೋಷವಾಗಬೇಕಿತ್ತು. ಎರಡು ವರ್ಷಗಳಿಂದ ಮೂವರೇ ಆರೂ ಕೌಂಟರುಗಳನ್ನು ಎಳೆಯುತ್ತ ಬಂದಿದ್ದೆವು. ಆದರೆ ನನ್ನ ಕಣ್ಣ ಮುಂದೆ ಬಂದದ್ದು ಲೆಕ್ಕ. ಆರು ಕಂಪ್ಯೂಟರು, ಹನ್ನೊಂದು ಜನ, ಯಾರು ಯಾವ ದಿನ ಯಾವುದರ ಮುಂದೆ ಕೂರುತ್ತಾರೋ ಹೇಳಲು ಬರುವುದಿಲ್ಲ. ಅಂದರೆ ಒಬ್ಬೊಬ್ಬರಿಗೂ ಆರೂ ಕಂಪ್ಯೂಟರುಗಳಲ್ಲಿ ಖಾತೆ ಇರಬೇಕು. ಹನ್ನೊಂದಾರಲೆ ಅರವತ್ತಾರು.

ನಾನು ಕಂಪ್ಯೂಟರ್ ಕಲಿತವಳಲ್ಲ. ಕಾರವಾರದ ಈ ಆಸ್ಪತ್ರೆಗೆ ಗುಮಾಸ್ತೆಯಾಗಿ ಸೇರಿದಾಗ ದಪ್ಪ ರಿಜಿಸ್ಟರುಗಳಿದ್ದವು. ಮೊದಲ ಕಂಪ್ಯೂಟರು ಬಂದ ದಿನ ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು, ನಾನು ಸರಿಯುವುದು ತಡವಾಯಿತು. ಆವತ್ತಿನಿಂದ ಪ್ರಿಂಟರಿನಲ್ಲಿ ಸಿಕ್ಕಿಬಿದ್ದ ಕಾಗದ, ಮರೆತ ಪಾಸ್‌ವರ್ಡು, ಅಲುಗಾಡದ ಮೌಸು ಎಲ್ಲವೂ ನನ್ನ ಪಾಲಿಗೆ. ದುರಸ್ತಿಯ ಗುತ್ತಿಗೆ ಹಿಡಿದವನು ಹುಬ್ಬಳ್ಳಿಯಲ್ಲಿದ್ದಾನೆ. ತಿಂಗಳಿಗೊಮ್ಮೆ ಬರಬೇಕು, ಫೋನಿನಲ್ಲೇ ಬಂದು ಹೋಗುತ್ತಾನೆ.

ಹೊಸ ಖಾತೆ ಎಂದರೆ ಏನೂ ಅರಿಯದ ಖಾತೆ. ಅದಕ್ಕೆ ಕನ್ನಡದ ಕೀಲಿಮಣೆ ಗೊತ್ತಿರುವುದಿಲ್ಲ. ದಿನಾಂಕದಲ್ಲಿ ತಿಂಗಳನ್ನು ಮುಂದೆ ತಂದು ಕೂಸಿನ ವಯಸ್ಸನ್ನೇ ತಪ್ಪಿಸುತ್ತದೆ. ಚೀಟಿ ಮುದ್ರಿಸು ಎಂದರೆ ಎಲ್ಲಿಗೋ ಕಳಿಸುತ್ತದೆ. ಅಕ್ಷರ ಸಣ್ಣದು. ಐದು ನಿಮಿಷ ಮುಟ್ಟದಿದ್ದರೆ ಪರದೆ ಕಪ್ಪಾಗುತ್ತದೆ, ಕಿಟಕಿಯ ಆಚೆ ನಿಂತ ರೋಗಿಗಳು ಕರೆಂಟು ಹೋಯಿತೆಂದು ಗಲಾಟೆ ಶುರು ಮಾಡುತ್ತಾರೆ. ಇದನ್ನೆಲ್ಲ ಒಂದೊಂದಾಗಿ ಸರಿಪಡಿಸಲು ಒಂದು ಖಾತೆಗೆ ಇಪ್ಪತ್ತು ನಿಮಿಷ ಹಿಡಿಯುತ್ತದೆ. ಅರವತ್ತಾರು ಸಲ ಇಪ್ಪತ್ತು ನಿಮಿಷವನ್ನು ಎಣಿಸಲು ಹೋಗದೆ ಹುಬ್ಬಳ್ಳಿಗೆ ಫೋನ್ ಮಾಡಿದೆ.

ಅವನು ಒಂದು ಉಪಾಯ ಹೇಳಿದ. ಪ್ರತಿ ಕಂಪ್ಯೂಟರಿನಲ್ಲೂ ಕಣ್ಣಿಗೆ ಕಾಣದ ಹಾಗೆ ಒಂದು ಫೋಲ್ಡರ್ ಇರುತ್ತದಂತೆ, ಡಿಫಾಲ್ಟ್ ಅಂತ ಹೆಸರು. ಹೊಸಬರು ಮೊದಲ ಸಲ ಒಳಗೆ ಬಂದಾಗ ಕಂಪ್ಯೂಟರು ಆ ಫೋಲ್ಡರಿನಲ್ಲಿ ಇದ್ದದ್ದನ್ನೆಲ್ಲ ಅವರಿಗೆ ನಕಲು ಮಾಡಿ ಕೊಡುತ್ತದೆ. ಅದನ್ನು ಒಂದು ಸಲ ನಮಗೆ ಬೇಕಾದ ಹಾಗೆ ತುಂಬಿಟ್ಟರೆ ಆಯಿತು, ಆಮೇಲೆ ಎಷ್ಟು ಜನ ಬಂದರೂ ಎಲ್ಲ ಸಿದ್ಧವಾಗಿಯೇ ಸಿಗುತ್ತದೆ.

"ಮೊದ್ಲು ಒಂದು ಖಾಲಿ ಖಾತೆ ಮಾಡ್ಕೋರಿ ಮೇಡಂ. ಅದ್ರಾಗ ಎಲ್ಲಾ ಹೊಂದಿಸಿ, ಆಮ್ಯಾಲೆ ಕಾಪಿ ಮಾಡ್ರಿ. ನಿಮ್ಮದು ತಗೋಬ್ಯಾಡ್ರಿ ಮತ್ತ," ಎಂದ.

"ಆಯ್ತು, ಆಯ್ತು," ಎಂದೆ.

ಅದು ಶನಿವಾರ ಮಧ್ಯಾಹ್ನ. ಮನೆಗೆ ಹೋಗುವ ಅಂಕೋಲೆಯ ಬಸ್ಸಿಗೆ ಇನ್ನು ನಲವತ್ತು ನಿಮಿಷವಿತ್ತು. ಖಾಲಿ ಖಾತೆ ಮಾಡಿ ಮತ್ತೆ ಎಲ್ಲವನ್ನೂ ಹೊಂದಿಸುವ ತಾಳ್ಮೆ ನನ್ನಲ್ಲಿ ಉಳಿದಿರಲಿಲ್ಲ. ನನ್ನ ಖಾತೆಯಲ್ಲಿ ಕೀಲಿಮಣೆ, ದಿನಾಂಕ, ಪ್ರಿಂಟರು ಎಲ್ಲವೂ ಸರಿಯಾಗಿಯೇ ಇತ್ತು. ಅದನ್ನೇ ಆರೂ ಕಂಪ್ಯೂಟರಿಗೆ ನಕಲು ಮಾಡಿ, ಚೀಲ ಹೆಗಲಿಗೇರಿಸಿ ಹೊರಟೆ. ಬಸ್ಸು ಸುರಂಗ ದಾಟುವ ಮೊದಲೇ ನಿದ್ದೆ ಹತ್ತಿತ್ತು.

ನನ್ನ ಖಾತೆಯಲ್ಲಿ ಬೇರೆ ಏನಿತ್ತು ಎಂದು ಹೇಳಬೇಕಾದರೆ ಮನೆಯ ವಿಷಯ ಹೇಳಬೇಕು.

ನನ್ನ ಗಂಡ ದೋಣಿಯ ತಾಂಡೇಲರಾಗಿದ್ದವರು. ಬೇಲೆಕೇರಿಯಿಂದ ಹೊರಡುವ ಯಾಂತ್ರಿಕ ದೋಣಿಯಲ್ಲಿ ಹತ್ತಾರು ಜನರನ್ನು ಕರೆದುಕೊಂಡು ಸಮುದ್ರಕ್ಕೆ ಹೋಗಿ, ಎಲ್ಲಿ ಬಲೆ ಬಿಡಬೇಕು, ಯಾವಾಗ ತಿರುಗಬೇಕು ಎಂದು ಹೇಳುವ ಮನುಷ್ಯ. ಇಂಜಿನ್ನಿನ ಸದ್ದಿನ ಮೇಲೆ ಮಾತಾಡಿ ಮಾತಾಡಿ ಮನೆಯಲ್ಲೂ ಅದೇ ಗಂಟಲು. ನಾವಿಬ್ಬರೂ ಜಗಳಾಡಿದರೆ ಓಣಿಯ ಆ ತುದಿಗೆ ಕೇಳುತ್ತಿತ್ತು. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವರು ಬಚ್ಚಲ ಗೋಡೆ ಹಿಡಿದು ಕುಸಿದರು. ಬಲಗೈ ಮತ್ತು ಮಾತು ಹೋದವು. ಕೈ ಸ್ವಲ್ಪ ಬಂತು. ಮಾತೂ ಬಂತು, ಆದರೆ ಒಂದೊಂದು ಶಬ್ದಕ್ಕೂ ಒಳಗೆಲ್ಲೋ ಹುಡುಕಾಡಿ ತರಬೇಕು. ನೀರು ಅನ್ನಲು ಹೋಗಿ ಬಾಗಿಲು ಅನ್ನುತ್ತಾರೆ, ಅದು ತಪ್ಪೆಂದು ಅವರಿಗೇ ಗೊತ್ತಾಗಿ ತಲೆ ಅಲ್ಲಾಡಿಸುತ್ತಾರೆ.

ಬೆಳಿಗ್ಗೆ ಏಳೂವರೆಗೆ ನಾನು ಮನೆ ಬಿಡಬೇಕು. ಆಚೆಮನೆಯ ವೈನಿ ಎರಡು ಸಲ ಬಂದು ನೋಡಿ ಹೋಗುತ್ತಾರೆ. ಹನ್ನೊಂದೂವರೆಗೊಮ್ಮೆ, ಮೂರೂವರೆಗೊಮ್ಮೆ ನಾನು ಫೋನ್ ಮಾಡುತ್ತೇನೆ. ಒಂದು ದಿನ ಹನ್ನೊಂದೂವರೆಯ ಫೋನಿನಲ್ಲಿ ಅವರು ಏನೋ ಹೇಳಲು ಶುರು ಮಾಡಿದರು. "ಬಾ... ಬಾಳೆ... ಅಲ್ಲ... ಬಾ..." ಕಿಟಕಿಯ ಆಚೆ ಮೂವತ್ತು ಜನ ನಿಂತಿದ್ದರು. "ಬಾಳೆಹಣ್ಣು ಡಬ್ಬಿ ಹಿಂದೆ ಇದೆ, ತಿನ್ನಿ. ನಂಗೆ ಕೆಲ್ಸ ಇದೆ," ಎಂದು ಸಿಡುಕಿ ಫೋನ್ ಇಟ್ಟೆ. ಅವರು ಹೇಳಲು ಹೊರಟದ್ದು ಬಾವಿ. ಬಾವಿಕಟ್ಟೆಯ ಹತ್ತಿರ ಜಾರಿ ಬಿದ್ದು, ಏಳಲಾಗದೆ, ಅಲ್ಲಿಂದಲೇ ಮಾತಾಡುತ್ತಿದ್ದರು. ವೈನಿ ಬಟ್ಟೆ ಒಣಗಿಸಲು ಹಿತ್ತಿಲಿಗೆ ಬಂದು ನೋಡುವಾಗ ಮಧ್ಯಾಹ್ನ ಒಂದೂವರೆಯಾಗಿತ್ತು. ಎಲುಬು ಮುರಿದಿರಲಿಲ್ಲ. ಸಂಜೆ ನಾನು ಬಂದಾಗ ಇದನ್ನೆಲ್ಲ ಹೇಳಿದ್ದು ವೈನಿ, ನನ್ನ ಗಂಡ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ.

ಆ ವಾರ ಮಗಳು ಕುಮಟೆಯಿಂದ ಬಂದವಳು ನನ್ನ ಜೊತೆ ಆಸ್ಪತ್ರೆಗೂ ಬಂದು, ನನ್ನ ಕಂಪ್ಯೂಟರಿನಲ್ಲಿ ನೆನಪೋಲೆಯ ಒಂದು ಸಣ್ಣ ಪ್ರೋಗ್ರಾಂ ಹಾಕಿಕೊಟ್ಟಳು. ಹೇಳಿದ ಹೊತ್ತಿಗೆ ಪರದೆಯ ನಡುವೆ ಹಳದಿ ಚೌಕ ಏಳುತ್ತದೆ. "ಆಯಿ, ನಿಂಗೆ ಯಾವ್ದು ಮರ್ತು ಹೋಗ್ತದೆ, ಅದನ್ನ ಬರಿ," ಎಂದಳು. ನಾನು ಮೂರು ಸಾಲು ಬರೆದೆ.

ಫೋನ್ ಮಾಡು.
ಹೇಳಿ ಮುಗಿಸುವ ತನಕ ಕಾಯಿ.
ಸಿಟ್ಟು ಮಾಡಬೇಡ.

ಸೋಮವಾರ ಹೊಸಬರು ಬಂದರು. ಖಾತೆ ತೆರೆದರೆ ಕೀಲಿಮಣೆ ಕನ್ನಡ, ದಿನಾಂಕ ಸರಿ, ಚೀಟಿ ಸರಿಯಾದ ಪ್ರಿಂಟರಿನಿಂದಲೇ ಹೊರಬಂತು. ನನಗೆ ನನ್ನ ಮೇಲೇ ಮೆಚ್ಚುಗೆಯಾಯಿತು. ಹನ್ನೊಂದೂವರೆಗೆ ನಾನು ಒಳಗಿನ ನನ್ನ ಕೋಣೆಯಲ್ಲಿದ್ದೆ. ಹಳದಿ ಚೌಕ ನನ್ನ ಪರದೆಯಲ್ಲಿ ಎದ್ದಿತು, ನಾನು ಮನೆಗೆ ಫೋನ್ ಮಾಡಿದೆ. ಅದೇ ನಿಮಿಷದಲ್ಲಿ ಹೊರಗೆ ಆರೂ ಕೌಂಟರುಗಳಲ್ಲಿ ಅದೇ ಚೌಕ ಎದ್ದಿದೆ ಎಂಬುದು ನನಗೆ ಗೊತ್ತೇ ಇರಲಿಲ್ಲ. ಮಂಗಳವಾರವೂ ಗೊತ್ತಾಗಲಿಲ್ಲ. ಹೊಸಬರು ನನ್ನನ್ನು ಕೇಳಲಿಲ್ಲ. ಹೊಸ ನೌಕರಿ, ಹೊಸ ಕಂಪ್ಯೂಟರು, ಇದೂ ಇಲ್ಲಿನ ಪದ್ಧತಿ ಎಂದುಕೊಂಡರು.

ಗುರುವಾರ ಆಡಳಿತಾಧಿಕಾರಿಗಳು ಕರೆಸಿದರು. ನಿವೃತ್ತಿಗೆ ಹತ್ತಿರವಾದ ಮನುಷ್ಯ, ಜೋರಾಗಿ ಮಾತಾಡುವವರಲ್ಲ.

"ಬಾಯೋರೆ, ಹೊಸಬರ ಕಂಪ್ಯೂಟರಿಗೆ ನೀವೆಂತದೋ ಸೂಚನೆ ಹಾಕಿದ್ರಂತೆ? ಹೇಳಿ ಮುಗಿಸುವ ತನಕ ಕಾಯಿ, ಸಿಟ್ಟು ಮಾಡಬೇಡ ಅಂತ?"

ನನ್ನ ಖಾತೆಯ ಜೊತೆ ನೆನಪೋಲೆಯೂ ನಕಲಾಗಿ ಹೋಗಿದೆಯೆಂದು ಆಗ ಹೊಳೆಯಿತು.

"ಒಬ್ರು ದೂರು ಕೊಟ್ಟಿದಾರೆ," ಎಂದು ಕಾಗದ ಮುಂದೆ ತಳ್ಳಿದರು. ಬರೆದವರು ಕಿನ್ನರ ಎಂಬ ಊರಿನ ಕಡೆಯವರು, ನಲವತ್ತೈದರ ಆಸುಪಾಸು, ಗೋವೆಯ ಯಾವುದೋ ಕಂಪನಿಯಲ್ಲಿ ದುಡಿದು ಬಂದವರು. ರೋಗಿಗಳ ಜೊತೆ ಹೇಗೆ ನಡೆದುಕೊಳ್ಳಬೇಕೆಂದು ಹೇಳುವುದಕ್ಕೆ ಅವರ ತಕರಾರಿರಲಿಲ್ಲ. ಸಿಬ್ಬಂದಿಯನ್ನು ಏಕವಚನದಲ್ಲಿ ಸಂಬೋಧಿಸುವುದು ಸರಿಯಲ್ಲ, ತಮಗೂ ಮರ್ಯಾದೆ ಇದೆ ಎಂದು ಬರೆದಿದ್ದರು.

"ಅವ್ರು ಹೇಳೋದೂ ಸರಿ ಅಲ್ದಾ?" ಎಂದರು ಅಧಿಕಾರಿಗಳು. "ವಿಚಾರ ಒಳ್ಳೇದೇ. ನಂಗೆ ಖುಷಿಯಾಯ್ತು. ಕಾಯಿರಿ, ಸಿಟ್ಟು ಮಾಡಬೇಡಿ ಅಂತ ಮಾಡಿಬಿಡಿ. ಮತ್ತೆ ಆ ಫೋನ್ ಮಾಡು ಅಂದ್ರೆ ಯಾರಿಗೆ ಮಾಡೋದು ಅಂತ ಯಾರಿಗೂ ಅರ್ಥ ಆಗ್ಲಿಲ್ಲ. ಅದನ್ನ ತೆಗೀರಿ."

ಅದು ನನ್ನದು ಸರ್, ತಪ್ಪಿ ಹೋಗಿದೆ ಎಂದು ಹೇಳಲು ಒಂದೇ ಉಸಿರು ಸಾಕಿತ್ತು. ಆ ಉಸಿರನ್ನು ಎಳೆದುಕೊಂಡೆ ಕೂಡ. ಆದರೆ ಹೇಳಿದರೆ ಯಾಕೆ, ಯಾರಿಗೆ, ಈಗ ಹೇಗಿದ್ದಾರೆ ಎಂಬ ಪ್ರಶ್ನೆಗಳು ಬರುತ್ತವೆ. ಎರಡು ವರ್ಷ ಅವೇ ಪ್ರಶ್ನೆಗಳಿಗೆ ಉತ್ತರ ಹೇಳಿ ಸಾಕಾಗಿತ್ತು. "ಆಯ್ತು ಸರ್," ಎಂದು ಬಂದೆ.

ಬರುವಾಗ ಕೌಂಟರಿನ ಹಿಂದೆ ನಿಂತೆ. ಆ ಕಿನ್ನರದವರೇ ಕೂತಿದ್ದರು. ಕಿಟಕಿಯ ಆಚೆ ಒಬ್ಬ ಮುದುಕಿ. ಊರು ಯಾವುದು ಎಂದು ಇವರು ಕೇಳಿದ್ದಾರೆ. ಚೆಂಡಿಯಾ ಎಂದಳು ಅವಳು, ಆಮೇಲೆ ಅಲ್ಲ ಎಂದಳು. ಮನೆ ಇದ್ದದ್ದು ಅಲ್ಲಿ, ನೌಕಾನೆಲೆಗೆ ಜಾಗ ಹೋಯಿತು, ಆಮೇಲೆ ಪುನರ್ವಸತಿ ಕಾಲನಿಯಲ್ಲಿ ಮನೆ ಕೊಟ್ಟರು, ಕಾಲನಿಯ ಮನೆ ಕಿರಿಯ ಮಗನಿಗೆ, ಈಗ ತಾನಿರುವುದು ಅಮದಳ್ಳಿಯಲ್ಲಿ ಮಗಳ ಮನೆಯಲ್ಲಿ, ಆದರೆ ಕಾರ್ಡಿನಲ್ಲಿ ಏನಿದೆಯೋ ಗೊತ್ತಿಲ್ಲ, ಕಾರ್ಡು ಸೊಸೆಯ ಹತ್ತಿರ ಇದೆ. ನಮ್ಮ ಪರದೆಯಲ್ಲಿ ಊರಿಗೆ ಇರುವುದು ಒಂದೇ ಚೌಕ. ನಾನಾಗಿದ್ದರೆ ಎರಡನೆಯ ಮಾತಿಗೇ ತಡೆದು, ಈಗ ಇರೋದೆಲ್ಲಿ ಅಷ್ಟು ಹೇಳಿ ಎನ್ನುತ್ತಿದ್ದೆ. ಅವರು ಕೈಯನ್ನು ಕೀಲಿಮಣೆಯ ಮೇಲಿಟ್ಟುಕೊಂಡು, ಮುಖ ಗಂಟು ಹಾಕಿಕೊಂಡು, ಕೊನೆಯ ತನಕ ಕೇಳಿದರು. ಆಮೇಲೆ ಅಮದಳ್ಳಿ ಎಂದು ಹೊಡೆದರು. ಸೂಚನೆ ಪಾಲಿಸಿದರೋ, ಅವರ ಸ್ವಭಾವವೇ ಹಾಗೋ, ನಾನು ಕೇಳಲಿಲ್ಲ. ಸಾಲು ಬಾಗಿಲ ತನಕ ಹೋಗಿತ್ತು, ಹಿಂದಿನವರು ಗೊಣಗುತ್ತಿದ್ದರು.

ಅವತ್ತು ಸಂಜೆ ಬಸ್ಸಿನಲ್ಲಿ ಪಕ್ಕದಲ್ಲಿ ಕೂತದ್ದು ಹೊಸಬರಲ್ಲೇ ಒಬ್ಬಳು, ಹಾರವಾಡದ ಹೆಂಗಸು. ಮೊದಲು ಮೀನಿಗೆ ಐಸು ಮಾಡುವ ಕಾರ್ಖಾನೆಯ ಆಫೀಸಿನಲ್ಲಿ ಟೈಪು ಮಾಡುತ್ತಿದ್ದವಳು, ಇಬ್ಬರು ಮಕ್ಕಳ ತಾಯಿ. ಬಿಣಗಾ ದಾಟಿದ ಮೇಲೆ ನನ್ನ ಕಡೆ ತಿರುಗಿದಳು.

"ಅಕ್ಕಾ, ಕೇಳ್ತೆ ಅಂತ ಸಿಟ್ಟು ಮಾಡ್ಬೇಡಿ," ಎಂದಳು. "ಅದು ನಿಮ್ದೇ ಅಲ್ದಾ? ತಾಂಡೇಲಣ್ಣನ ಸಲುವಾಗಿ ಬರ್ದದ್ದು?"

"ನಿಂಗೆ ಹೇಗೆ ಗೊತ್ತು?"

"ನನ್ನ ತಮ್ಮ ಅವ್ರ ದೋಣೀಲೇ ಇದ್ದಿದ್ದ. ಮಾತು ಹೋಗಿದ್ದು ನಂಗೆ ಗೊತ್ತಿತ್ತು. ಹನ್ನೊಂದೂವರೆಗೆ ನಿಮ್ಮ ಕೋಣೆಯಿಂದ ಫೋನಿನ ಮಾತು ಕೇಳ್ತದೆ. ನಾ ಯಾರಿಗೂ ಹೇಳ್ಲಿಲ್ಲ." ಕಿಟಕಿಯ ಕಡೆ ನೋಡುತ್ತ ಅಂದಳು, "ತಮ್ಮನಿಗೆ ಒಬ್ನಿಗೆ ಹೇಳ್ದೆ."

ತಮ್ಮನಿಗೆ ಹೇಳಿದರೆ ದೋಣಿ ನಿಲ್ಲುವ ಧಕ್ಕೆಗೆಲ್ಲ ಹೇಳಿದ ಹಾಗೆ. ಬಲೆ ಹೆಣೆಯುತ್ತ ಕೂತವರಿಗೆ ಬೇರೆ ಏನು ಕೆಲಸ? ಮನೆಗೆ ಹೋಗಿ ನಾನೇ ಹೇಳಿಬಿಡಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡೆ. ಮನೆಗೆ ಹೋದರೆ ಗಂಜಿ ಇಡುವುದು, ಅವರ ಕೈಗೆ ಎಣ್ಣೆ ತಿಕ್ಕುವುದು, ಮಾತ್ರೆ ಎಣಿಸುವುದು. ನಾಳೆ ಹೇಳಿದರಾಯಿತು ಎಂದುಕೊಂಡೆ.

ಮರುದಿನ ಹನ್ನೊಂದೂವರೆಗೆ ಅವರು ಫೋನ್ ಎತ್ತಲಿಲ್ಲ. ಬಾವಿಕಟ್ಟೆ ನೆನಪಾಯಿತು. ವೈನಿಗೆ ಮಾಡಿದೆ. ಅವರು ಹೋಗಿ ನೋಡಿ ಬಂದು, "ಚೆನ್ನಾಗೇ ಕೂತಿದಾರೆ ಮಾರಾಯ್ತಿ. ಫೋನು ಪಕ್ಕದಲ್ಲೇ ಇದೆ. ಎತ್ಕೊಳ್ಳಿ ಅಂದ್ರೆ ಮುಖ ತಿರುಗಿಸ್ತಾರೆ," ಎಂದರು. ಮೂರೂವರೆಗೂ ಎತ್ತಲಿಲ್ಲ. ಬೆಳಿಗ್ಗೆ ಹಾರವಾಡದವಳ ತಮ್ಮ ನಮ್ಮ ಮನೆಗೇ ಬಂದು ಮಾತಾಡಿಸಿ ಹೋಗಿದ್ದನಂತೆ. ನಿಮ್ಮ ವಿಷಯ ಆಸ್ಪತ್ರೆಯ ಎಲ್ಲ ಕಂಪ್ಯೂಟರಲ್ಲೂ ಬರ್ತದಂತಲ್ಲ ಎಂದು ನಗುತ್ತ ಹೇಳಿದ್ದನಂತೆ.

ಶನಿವಾರ, ಭಾನುವಾರ ಮನೆಯಲ್ಲಿ ಎರಡು ಗೋಡೆಗಳ ಹಾಗೆ ಇದ್ದೆವು. ನಾನು ಬಡಿಸಿದೆ, ಅವರು ಉಂಡರು. ತಪ್ಪು ನನ್ನದೇ, ಕ್ಷಮಿಸಿ ಎಂದು ಎರಡು ಸಲ ಹೇಳಿದೆ. ನನ್ನ ದನಿ ನನಗೇ ಕೇಳಿಸಿತು, ಕೌಂಟರಿನಲ್ಲಿ ರೋಗಿಗಳ ಜೊತೆ ಮಾತಾಡುವ ದನಿ.

ಭಾನುವಾರ ಸಂಜೆ ಅವರು ತಾವಾಗಿಯೇ ಕರೆದರು. ಎದುರಿನ ಕುರ್ಚಿ ತೋರಿಸಿ, ಅಲ್ಲಿ ಏನು ಬರೆದಿದ್ದೀ ಹೇಳು ಎಂದರು. ಹೇಳಲು ಅವರಿಗೆ ಹೊತ್ತು ಹಿಡಿಯಿತು, ನಾನು ಕಾದೆ. ಮೂರೂ ಸಾಲು ಹೇಳಿದೆ.

ಅವರ ಮುಖ ಕೆಂಪಾಯಿತು. ಎಡಗೈ ಎತ್ತಿ ಕುರ್ಚಿಯ ಕೈಗೆ ಬಡಿದರು. "ಕಾ... ಕಾಯ್ತೀ. ಗೊತ್ತಾಗ್ತದೆ. ಫೋನಲ್ಲಿ. ನೀನು... ಓದ್ತಾ ಇದ್ದೀ."

"ಓದೋದೆಂತದು?"

"ಸುಮ್ನೆ ಇರ್ತೀ. ನ... ನರ್ಸು. ನರ್ಸಿನ ಹಾಗೆ." ಅವರು ಮತ್ತೆ ಹುಡುಕಿದರು. ಹಣೆಯ ಮೇಲೆ ನರ ಎದ್ದಿತ್ತು. "ಬೈ. ಮೊದ್ಲು ಬೈತಿದ್ದೀ. ಈಗ ಯಾಕೆ... ಬೈಯ್ಯೋದಿಲ್ಲ? ನಾನು... ಸತ್ತಿದ್ದೇನಾ?"

ನನಗೆ ಅಳು ಬರಬೇಕಿತ್ತು. ಬಂದದ್ದು ಸಿಟ್ಟು. ಎರಡು ವರ್ಷ ಅದುಮಿಟ್ಟದ್ದು ಎಲ್ಲ ಒಟ್ಟಿಗೆ ಬಂತು. ಏಳೂವರೆಯ ಬಸ್ಸು, ಮಾತ್ರೆ, ಎಣ್ಣೆ, ಹಗಲಿಡೀ ಕೂಗಾಡುವ ಜನ, ಅರವತ್ತಾರು ಖಾತೆ, ಇವೆಲ್ಲದರ ನಡುವೆ ನೀವು ಬಾವಿ ಎಂದದ್ದು ನನಗೆ ಬಾಳೆ ಎಂದು ಕೇಳಿದರೆ ನಾನೇನು ಮಾಡಲಿ ಎಂದು ಕಿರುಚಿದೆ. ಬಿದ್ದದ್ದನ್ನು ಸಂಜೆಯಾದರೂ ಹೇಳಬಾರದಿತ್ತೆ, ಸುಮ್ಮನೆ ಕೂತು ನನ್ನನ್ನು ಕೊಂದಿರಲ್ಲ ಎಂದೆ. ಅವರೂ ಸುಮ್ಮನಿರಲಿಲ್ಲ. ಶಬ್ದಗಳು ತಪ್ಪಿದವು, ಬೈಗುಳ ಮಾತ್ರ ಒಂದೂ ತಪ್ಪಲಿಲ್ಲ. ಅವು ಒಳಗೆಲ್ಲೂ ಕಳೆದುಹೋಗದೆ ಹಾಗೆಯೇ ಇದ್ದವು. ಆಚೆಮನೆಯ ವೈನಿ ಓಡಿ ಬಂದು ಅಂಗಳದಲ್ಲಿ ನಿಂತು, ನಮ್ಮಿಬ್ಬರನ್ನೂ ನೋಡಿ ತಿರುಗಿ ಹೋದರು. ಆಮೇಲೆ ನಾನು ಚಾ ಮಾಡಿದೆ. ಇಬ್ಬರೂ ಕುಡಿದೆವು. ದಣಿವು ಎಷ್ಟಿತ್ತೆಂದರೆ ಲೋಟ ತೊಳೆಯಲು ಏಳಲಿಲ್ಲ.

ಸೋಮವಾರ ಬೇಗ ಹೋಗಿ ಕೆಲಸ ಶುರು ಮಾಡಿದೆ. ಡಿಫಾಲ್ಟ್ ಫೋಲ್ಡರಿನಿಂದ ನೆನಪೋಲೆ ತೆಗೆಯುವುದು ಎರಡು ನಿಮಿಷದ ಮಾತು. ಆದರೆ ಅದು ಮುಂದೆ ಬರುವವರಿಗೆ ಮಾತ್ರ. ಈಗಾಗಲೇ ಖಾತೆ ತೆರೆದವರಿಗೆ ಕೊಟ್ಟದ್ದನ್ನು ಅದು ವಾಪಸು ತೆಗೆದುಕೊಳ್ಳುವುದಿಲ್ಲ. ವಾರದಲ್ಲಿ ಸರದಿ ತಿರುಗಿ ತಿರುಗಿ ನಲವತ್ತಕ್ಕೂ ಹೆಚ್ಚು ಕಡೆ ಅದು ಕೂತಿತ್ತು. ಒಂದೊಂದೇ ಖಾತೆಯ ಫೋಲ್ಡರ್ ತೆರೆದು ಅಳಿಸಬೇಕು. ಹುಬ್ಬಳ್ಳಿಯವನಿಗೆ ಫೋನ್ ಮಾಡಿದರೆ, "ನಾ ಹೇಳಿದ್ನಲ್ರೀ," ಎಂದಷ್ಟೇ ಅಂದ. ಮೂರು ದಿನ, ರೋಗಿಗಳಿಲ್ಲದ ಹೊತ್ತಿನಲ್ಲಿ, ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಕುರ್ಚಿ ಎಳೆದುಕೊಂಡು ಹೋದೆ.

ಅದು ನನ್ನದೆಂದು ಆಡಳಿತಾಧಿಕಾರಿಗಳಿಗೂ ಹೇಳಿಬಿಟ್ಟೆ. ಅವರು ಕನ್ನಡಕ ತೆಗೆದು ಒರೆಸಿ, "ನಾನು ಅದನ್ನ ಮೀಟಿಂಗಿನಲ್ಲಿ ಹೊಗಳಿಬಿಟ್ಟೆನಲ್ಲ ಬಾಯೋರೆ," ಎಂದರು. ಕಿನ್ನರದವರ ಹತ್ತಿರ ಹೋಗಿ, ಅದು ನನಗೆ ನಾನೇ ಬರೆದುಕೊಂಡದ್ದು, ಅದಕ್ಕೇ ಏಕವಚನ ಎಂದೆ. ಅವರು ಎದ್ದು ನಿಂತರು. "ಗೊತ್ತಿದ್ರೆ ನಾನು ಬರೀತಾ ಇರ್ಲಿಲ್ಲ ಮೇಡಂ," ಎಂದು ಎರಡು ಸಲ ಹೇಳಿದರು. ಆಮೇಲೆ ಕಿಟಕಿಯ ಕಡೆ ತಿರುಗಿ, ಮುಂದಿನ ರೋಗಿಯನ್ನು ಕರೆದರು.

ಹನ್ನೊಂದೂವರೆಯ ಫೋನು ಈಗಲೂ ಮಾಡುತ್ತೇನೆ. ಕೆಲವು ಸಲ ಕಾಯುತ್ತೇನೆ, ಕೆಲವು ಸಲ ಬೇಗ ಹೇಳಿ ಎಂದು ಗದರುತ್ತೇನೆ. ಗದರಿದ ದಿನ ಅವರು ಆ ಕಡೆಯಿಂದ "ರಾಬ್ ಗೋ!" ಎಂದು ಕೂಗುತ್ತಾರೆ, ಕೊಂಕಣಿಯಲ್ಲಿ ತಾಳೇ ಎಂದು. ಅದು ಮಾತ್ರ ತಡವರಿಸದೆ ಬರುತ್ತದೆ. ಇದರಿಂದ ನನ್ನ ಕೆಲಸವೇನೂ ಕಡಿಮೆಯಾಗಿಲ್ಲ. ಬಸ್ಸು ಅದೇ, ಮಾತ್ರೆಯ ಡಬ್ಬಿ ಅದೇ. ನಡುವೆ ಇಬ್ಬರು ಹೊಸಬರು ಬಿಟ್ಟು ಹೋದರು, ಬೇರೆ ಇಬ್ಬರು ಬಂದರು. ಈ ಸಲ ಖಾಲಿ ಖಾತೆ ಮಾಡಿಕೊಂಡೇ ಹೊಂದಿಸಿದ್ದೆ.

ಧಕ್ಕೆಗೆ ಹೋಗಬೇಕೆಂದು ನನ್ನ ಗಂಡ ಹಟ ಹಿಡಿದದ್ದು ಆಮೇಲೆ. ಹಾರವಾಡದವಳ ತಮ್ಮ ಬಂದು ಹೋದ ಮೇಲೆ ತಲೆಯಲ್ಲಿ ಹೊಕ್ಕಿರಬೇಕು. ನನಗೆ ಇರುವುದು ಒಂದು ಭಾನುವಾರ, ಮಲಗಬೇಕು ಎಂದೆ. ಅದಕ್ಕೂ ಜಗಳವಾಯಿತು. ಕೊನೆಗೆ ಒಂದು ಭಾನುವಾರ ರಿಕ್ಷಾ ಮಾಡಿಕೊಂಡು ಬೇಲೆಕೇರಿಗೆ ಹೋದೆವು. ಅವರ ದೋಣಿಯವರು ನೆರಳಿನಲ್ಲಿ ಬಲೆ ಹರಡಿಕೊಂಡು ಕೂತಿದ್ದರು. ಇವರನ್ನು ಕಂಡು ಎಲ್ಲರೂ ಎದ್ದರು, ಐಸಿನ ಖಾಲಿ ಪೆಟ್ಟಿಗೆ ಮಗುಚಿ ಹಾಕಿ ಕೂರಿಸಿದರು. ಇವರು ಮಾತು ಶುರು ಮಾಡಿದರೆ ಯಾರೂ ಕಾಯಲಿಲ್ಲ. ಇವರು ಒಂದಕ್ಷರ ಹೇಳುವುದರೊಳಗೆ ನಾಲ್ಕು ಜನ ನಾಲ್ಕು ಶಬ್ದ ಹಾಕುತ್ತಿದ್ದರು, ಎಲ್ಲವೂ ತಪ್ಪು. ಇವರು ಬೈದರು. ಅವರು ಬಿದ್ದು ಬಿದ್ದು ನಕ್ಕರು.

ನಾನು ಪಕ್ಕದಲ್ಲಿ ರಾಶಿ ಹಾಕಿದ್ದ ಹಳೆಯ ಬಲೆಯ ಮೇಲೆ ಕೂತೆ. ಒಣಗಿದ ಮೀನಿನ ವಾಸನೆ, ಡೀಸಲ್ಲಿನ ವಾಸನೆ. ಎಷ್ಟು ಹೊತ್ತಿಗೆ ಕಣ್ಣು ಮುಚ್ಚಿತೋ ತಿಳಿಯಲಿಲ್ಲ. ಎಚ್ಚರವಾದಾಗ ಬಿಸಿಲು ಕಾಲಿನ ಮೇಲೆ ಬಂದಿತ್ತು, ಯಾರೋ ನನ್ನ ಮೇಲೆ ಒಂದು ಟವೆಲು ಹೊದಿಸಿದ್ದರು. ಇವರು ಇನ್ನೂ ಯಾವುದೋ ಹಳೆಯ ಗಾಳಿಯ ದಿನದ ಕತೆ ಹೇಳುತ್ತಿದ್ದರು, ಅರ್ಧಕ್ಕೂ ಬಂದಿರಲಿಲ್ಲ. ನಾನು ಕಾಲು ನೆರಳಿಗೆ ಎಳೆದುಕೊಂಡು ಮತ್ತೆ ಕಣ್ಣು ಮುಚ್ಚಿದೆ.